ಲಿನಕ್ಸ್‌ನಲ್ಲಿ ರೂಟ್ ತುಂಬಿದೆ, ಹೋಮ್ ಖಾಲಿ ಬಿದ್ದಿದೆ. ಪ್ರೋಗ್ರಾಂ ಎಲ್ಲಿ ಕೂರಬೇಕು ಅಂತ ನಾನೇ ಯಾಕೆ ಹೇಳಬಾರದು?

ಬೆಟಗೇರಿ_ಡಿಟಿಪಿ:
ಸಾಕಾಗಿ ಹೋಗಿದೆ. ಬೆಳಿಗ್ಗೆಯಿಂದ ಚಿತ್ರ ಬಿಡಿಸುವ ಇಂಕ್‌ಸ್ಕೇಪ್ ಅಪ್‌ಡೇಟ್ ಆಗುತ್ತಿಲ್ಲ, ಸಿಸ್ಟಂ ಕೂತಿರುವ ರೂಟ್ ಭಾಗದಲ್ಲಿ ಜಾಗ ಇಲ್ಲ ಅನ್ನುತ್ತೆ. 500 ಜಿಬಿ ಡಿಸ್ಕ್ ರೀ! ನನ್ನ ಫೈಲುಗಳಿರುವ ಹೋಮ್ ಭಾಗದಲ್ಲಿ 380 ಜಿಬಿ ಸುಮ್ನೆ ಬಿದ್ದಿದೆ. ನಾಳೆ ಮಧ್ಯಾಹ್ನದೊಳಗೆ ಎರಡು ಲಗ್ನಪತ್ರಿಕೆ ಪ್ರಿಂಟಿಗೆ ಹೋಗಬೇಕು. ವಿಂಡೋಸ್‌ನಲ್ಲಾದರೆ ಡಿ ಡ್ರೈವಿಗೆ ಹಾಕು ಅಂದರೆ ಹಾಕುತ್ತಿತ್ತು. ಇಲ್ಲಿ ಬಿನ್ ಅಂತೆ, ಲಿಬ್ ಅಂತೆ, ಶೇರ್ ಅಂತೆ, ಒಂದೇ ಪ್ರೋಗ್ರಾಂ ಹತ್ತು ಫೋಲ್ಡರಿನಲ್ಲಿ ಚೆಲ್ಲಾಡಿರುತ್ತೆ. ಡಿಸ್ಕ್ ನನ್ನದು, ದುಡ್ಡು ನನ್ನದು, ನನ್ನನ್ನು ಒಂದು ಮಾತು ಕೇಳಬಾರದಾ?

ಟರ್ಮಿನಲ್_ಮಾವ:
ಜರ್ನಲ್ ಅದು, ಸಿಸ್ಟಂ ಬರೆದಿಡುವ ದಿನಚರಿ. ಕಣ್ಣು ಮುಚ್ಚಿ ಹೇಳ್ತೀನಿ. /ವಾರ್/ಲಾಗ್/ಜರ್ನಲ್ ಊದಿಕೊಂಡಿರುತ್ತೆ. ಜರ್ನಲ್‌ಸಿಟಿಎಲ್ ಕಮಾಂಡಿಗೆ ವ್ಯಾಕ್ಯೂಮ್-ಸೈಜ್ 200ಎಂ ಅಂತ ಕೊಡಿ, ಆಮೇಲೆ ಬಂದು ಥ್ಯಾಂಕ್ಸ್ ಹೇಳಿ.

ಬ್ಯಾಡಗಿ_ಬೂಟ್:
ಯಾವ ಡಿಸ್ಟ್ರೋ, ಅಂದರೆ ಯಾವ ಲಿನಕ್ಸ್? ರೂಟ್ ಎಷ್ಟು ದೊಡ್ಡದು? ಯಾವ ಫೈಲ್‌ಸಿಸ್ಟಂ? ಏನೂ ಹೇಳದೆ ಬೈದರೆ ನಾವೇನು ಭವಿಷ್ಯ ಹೇಳೋರಾ ಸರ್?

ಬೆಟಗೇರಿ_ಡಿಟಿಪಿ:
ಡೆಬಿಯನ್ 12. ರೂಟ್ 30 ಜಿಬಿ, ಇಎಕ್ಸ್‌ಟಿ4. ಮಾವ ಹೇಳಿದ್ದು ಮಾಡಿದೆ. 180 ಎಂಬಿ ಬಿಟ್ಟುಕೊಟ್ಟಿತು ಅಷ್ಟೇ. ಡಿಸ್ಕಿನ ಲೆಕ್ಕ ತೋರಿಸುವ ಡಿಎಫ್ ಕಮಾಂಡ್ ಇನ್ನೂ ಖಾಲಿ ಜಾಗ ಸೊನ್ನೆ ಅಂತಲೇ ತೋರಿಸುತ್ತಿದೆ.

ಟರ್ಮಿನಲ್_ಮಾವ:
ಸರಿಯಾಗಿ ಮಾಡಿಲ್ಲ ನೀವು. 50ಎಂ ಕೊಟ್ಟು ನೋಡಿ.

ಬ್ಯಾಡಗಿ_ಬೂಟ್:
ಮಾವ, ಜರ್ನಲ್ ತಾನಾಗಿಯೇ ಡಿಸ್ಕಿನ 10 ಪರ್ಸೆಂಟ್ ದಾಟುವುದಿಲ್ಲ. 30 ಜಿಬಿಗೆ 3 ಜಿಬಿ. ಅದರಿಂದ ರೂಟ್ ತುಂಬಲ್ಲ.

ಟರ್ಮಿನಲ್_ಮಾವ:
ಹಾಗಾದರೆ ಪ್ರೋಗ್ರಾಂಗಳಿರುವ ಯುಎಸ್‌ಆರ್ ಫೋಲ್ಡರನ್ನು ಬೇರೆ ಪಾರ್ಟಿಷನ್‌ನಲ್ಲಿ, ಅಂದರೆ ಡಿಸ್ಕಿನ ಬೇರೆ ಭಾಗದಲ್ಲಿ ಇಡಬೇಕಿತ್ತು. ನಮ್ಮ ಕಾಲದಲ್ಲಿ ಹಾಗೇ ಇಡುತ್ತಿದ್ದೆವು. ಅದಕ್ಕೇ ಅಲ್ವಾ ಅದರ ಹೆಸರು ಯೂನಿಕ್ಸ್ ಸಿಸ್ಟಂ ರಿಸೋರ್ಸಸ್.

ಸಾಧನಕೇರಿ_ಶೆಲ್:
ಅದು ಆಮೇಲೆ ಕಟ್ಟಿದ ಹೆಸರು. ಯುಎಸ್‌ಆರ್ ಅಂದರೆ ಯೂಸರ್ರೇ. 1970ರ ದಶಕದ ಶುರುವಿನಲ್ಲಿ ಯೂನಿಕ್ಸ್ ಹುಟ್ಟಿದ ಬೆಲ್ ಲ್ಯಾಬ್ಸ್‌ನ ಪಿಡಿಪಿ-11 ಕಂಪ್ಯೂಟರಿನಲ್ಲಿ ಬಳಕೆದಾರರ ಮನೆ ಫೋಲ್ಡರ್ ಅಲ್ಲೇ ಇರುತ್ತಿದ್ದವು. ಕೆಲವೇ ಎಂಬಿಯ ಮೊದಲ ಡಿಸ್ಕ್ ತುಂಬಿತು. ಉಳಿದ ಪ್ರೋಗ್ರಾಂಗಳನ್ನು ಎರಡನೇ ಡಿಸ್ಕಿಗೆ ತುರುಕಿದರು. /ಬಿನ್ ಮತ್ತು /ಯುಎಸ್‌ಆರ್/ಬಿನ್ ಅಂತ ಎರಡಾಗಿದ್ದು ಹಾಗೆ. ಬೆಟಗೇರಿಯವರೇ, ನಿಮ್ಮ ಕಷ್ಟವೇ ಅವರಿಗೂ ಬಂದಿತ್ತು! ಈಗ ಎರಡೂ ಒಂದೇ. ಫೆಡೋರಾ ಡಿಸ್ಟ್ರೋ 2012ರಲ್ಲೇ ಸೇರಿಸಿತು. ನಿಮ್ಮ ಡೆಬಿಯನ್ 12ರಲ್ಲೂ /ಬಿನ್ ಬರೀ ಸಿಮ್‌ಲಿಂಕ್, /ಯುಎಸ್‌ಆರ್/ಬಿನ್ ಕಡೆ ಕೈ ತೋರಿಸುವ ಹೆಸರು ಅಷ್ಟೇ.

ಟರ್ಮಿನಲ್_ಮಾವ:
ಯಾರನ್ನು ಕೇಳಿ ಸೇರಿಸಿದರು? ಯುಎಸ್‌ಆರ್ ಬೇರೆ ಇಟ್ಟುಕೊಂಡವನ ಗತಿ ಏನು? ಅದು ಬಳಕೆದಾರನ ಆಯ್ಕೆ ಅಲ್ವಾ?

ಸಾಧನಕೇರಿ_ಶೆಲ್:
ಈಗಲೂ ಬೇರೆ ಇಡಬಹುದು. ರೂಟ್ ಜೊತೆಗೇ ಅದನ್ನೂ ಬೂಟ್ ಆಗುವಾಗ ಮೊದಲು ಓಡುವ ಇನಿಟ್‌ರಾಮ್‌ಎಫ್‌ಎಸ್ ಮೌಂಟ್ ಮಾಡಿಕೊಡುತ್ತೆ, ಅಂದರೆ ಫೋಲ್ಡರಿಗೆ ಜೋಡಿಸಿಕೊಡುತ್ತೆ. ಆಯ್ಕೆ ಎಲ್ಲೂ ಹೋಗಿಲ್ಲ ಮಾವ.

ನವನಗರ_ನಿಕ್ಸ್:
ಇದಕ್ಕೇ ನಾನು ನಿಕ್ಸ್‌ಓಎಸ್ ಅನ್ನುವ ಡಿಸ್ಟ್ರೋಗೆ ಬಂದಿದ್ದು. ಎಲ್ಲ ಪ್ರೋಗ್ರಾಮೂ /ನಿಕ್ಸ್/ಸ್ಟೋರ್ ಒಳಗೆ, ಒಂದೊಂದಕ್ಕೂ ಸ್ವಂತ ಫೋಲ್ಡರ್. ಎರಡು ಆವೃತ್ತಿ ಜೊತೆಗೇ ಇದ್ದರೂ ಜಗಳ ಇಲ್ಲ. ಗೋಬೋಲಿನಕ್ಸ್ ಕೂಡ ಚೆನ್ನ, ಅದರಲ್ಲಿ /ಪ್ರೋಗ್ರಾಮ್ಸ್ ಅಂತಲೇ ಫೋಲ್ಡರ್ ಇದೆ. ನನ್ನದು 2 ಟಿಬಿ ಎನ್‌ವಿಎಂಇ, 64 ಜಿಬಿ ರ‍್ಯಾಮ್. ಇಡೀ ಸಿಸ್ಟಂ ಒಂದೇ ಕಾನ್ಫಿಗ್ ಫೈಲಿನಲ್ಲಿದೆ. ಫೋಟೋ ಹಾಕಲಾ?

ಬ್ಯಾಡಗಿ_ಬೂಟ್:
ಬೇಡ.

ಬೆಟಗೇರಿ_ಡಿಟಿಪಿ:
ನನ್ನ ಲಗ್ನಪತ್ರಿಕೆ ಸ್ವಾಮಿ!!

ಸಾಧನಕೇರಿ_ಶೆಲ್:
ಸುಡೋ ಹಾಕಿ, ಫೈಲುಗಳ ಗಾತ್ರ ಕೂಡುವ ಡಿಯು ಕಮಾಂಡಿಗೆ -ಎಕ್ಸ್ ಕೊಟ್ಟು ರೂಟ್ ಭಾಗವನ್ನಷ್ಟೇ ಅಳೆಯಿರಿ. ಒಟ್ಟು ಎಷ್ಟು ಬರುತ್ತೆ?

ಬೆಟಗೇರಿ_ಡಿಟಿಪಿ:
12 ಜಿಬಿ. ಡಿಎಫ್ 30 ಜಿಬಿ ತುಂಬಿದೆ ಅನ್ನುತ್ತೆ. ಲೆಕ್ಕವೇ ಬರಲ್ಲವಾ ಈ ಲಿನಕ್ಸ್‌ಗೆ?

ಟರ್ಮಿನಲ್_ಮಾವ:
ಅಳಿಸಿದ ಲಾಗ್ ಫೈಲನ್ನು ಯಾವುದೋ ಪ್ರೋಗ್ರಾಂ ಇನ್ನೂ ಹಿಡಿದುಕೊಂಡಿದೆ. ಜರ್ನಲ್‌ದೇ ಇರಬೇಕು. ರೀಬೂಟ್ ಮಾಡಿ.

ಬೆಟಗೇರಿ_ಡಿಟಿಪಿ:
ಬೆಳಿಗ್ಗೆಯಿಂದ ಮೂರು ಸಲ ಮಾಡಿದ್ದೇನೆ.

ಸಾಧನಕೇರಿ_ಶೆಲ್:
ರೀಬೂಟ್ ಆದಮೇಲೂ ಇದ್ದರೆ ಅದಲ್ಲ. ಇನ್ನೊಂದು ಗಮನಿಸಿ. ಇಎಕ್ಸ್‌ಟಿ4 ಕೊನೆಯ 5 ಪರ್ಸೆಂಟ್ ಜಾಗವನ್ನು ರೂಟ್ ಅನ್ನುವ ಅಡ್ಮಿನ್ ಬಳಕೆದಾರನಿಗೆ ಅಂತ ಎತ್ತಿಟ್ಟಿರುತ್ತೆ. ಅಪ್‌ಡೇಟ್ ಓಡುವುದು ರೂಟ್ ಆಗಿಯೇ. ಅದಕ್ಕೂ ಜಾಗ ಸಿಗಲಿಲ್ಲ ಅಂದರೆ ಆ 5 ಪರ್ಸೆಂಟನ್ನೂ ರೂಟ್ ಆಗಿ ಓಡುವ ಏನೋ ತಿಂದಿದೆ. ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನ್‌ನಲ್ಲಿ ಏನು ಹಾಕಿದ್ದೀರಿ?

ಬೆಟಗೇರಿ_ಡಿಟಿಪಿ:
ಏನಿಲ್ಲ ಅಕ್ಕಾ, ರಾತ್ರಿ ಹನ್ನೊಂದಕ್ಕೆ ಬ್ಯಾಕಪ್ ಅಷ್ಟೇ. ಫೈಲ್ ನಕಲು ಮಾಡುವ ಆರ್‌ಸಿಂಕ್ ಸ್ಕ್ರಿಪ್ಟ್, ಹೊರಗಿನ ಯುಎಸ್‌ಬಿ ಡಿಸ್ಕಿಗೆ. ಅದು /ಎಂಎನ್‌ಟಿ/ಬ್ಯಾಕಪ್‌ನಲ್ಲಿ ಮೌಂಟ್ ಆಗುತ್ತೆ. ಡಿಸ್ಕ್ ಈಗಲೂ ಹಾಕಿಯೇ ಇದೆ, ಅದರಲ್ಲಿ ಬೇಕಾದಷ್ಟು ಜಾಗ ಇದೆ. ಇದಕ್ಕೂ ರೂಟ್‌ಗೂ ಏನು ಸಂಬಂಧ?

ಬ್ಯಾಡಗಿ_ಬೂಟ್:
ಅಯ್ಯೋ ಸರ್, ಇದನ್ನು ಮೊದಲೇ ಹೇಳಬಾರದಿತ್ತಾ!

ಸಾಧನಕೇರಿ_ಶೆಲ್:
ಎಂದಾದರೂ ರಾತ್ರಿ ಆ ಡಿಸ್ಕ್ ಇಲ್ಲದೆ ಬ್ಯಾಕಪ್ ಓಡಿತ್ತಾ?

ಬೆಟಗೇರಿ_ಡಿಟಿಪಿ:
ಹೋದ ವಾರ ಗಾಳಿ ಮಳೆಗೆ ಕರೆಂಟ್ ಹೋಗಿ ಬಂತು. ಆಮೇಲೆ ಡಿಸ್ಕಿನ ದೀಪ ಹತ್ತಲಿಲ್ಲ, ಕೇಬಲ್ ಸಡಿಲ ಇತ್ತು. ಮರುದಿನ ಬೆಳಿಗ್ಗೆ ಒತ್ತಿ ಕೂರಿಸಿದೆ.

ಸಾಧನಕೇರಿ_ಶೆಲ್:
ಅಲ್ಲೇ ಇದೆ. ಮೌಂಟ್ ಪಾಯಿಂಟ್ ಅಂದರೆ ಬರೀ ಒಂದು ಫೋಲ್ಡರ್. ಡಿಸ್ಕ್ ಇಲ್ಲದಿದ್ದರೂ ಆ ಫೋಲ್ಡರ್ ರೂಟ್‌ನಲ್ಲಿ ಇದ್ದೇ ಇರುತ್ತೆ. ಆರ್‌ಸಿಂಕ್ ಅದರೊಳಗೇ ಬರೆಯುತ್ತಾ ಹೋಗಿ ರೂಟ್ ತುಂಬಿಸಿತು. ಬೆಳಿಗ್ಗೆ ನೀವು ಅದರ ಮೇಲೆಯೇ ಡಿಸ್ಕ್ ಮೌಂಟ್ ಮಾಡಿದಿರಿ. ನವಲಗುಂದದ ಜಮಖಾನ ಹಾಸಿದ ಮೇಲೆ ಅಡಿಯ ಕಸ ಕಾಣುತ್ತಾ? ಡಿಯುಗೂ ಕಾಣಲಿಲ್ಲ. ಡಿಸ್ಕನ್ನು ಅನ್‌ಮೌಂಟ್ ಮಾಡಿ, ಈಗ ಅದೇ ಫೋಲ್ಡರ್ ನೋಡಿ. ಅಳಿಸುವ ಮುಂಚೆ ಅನ್‌ಮೌಂಟ್ ಆಗಿದೆಯಾ ಅಂತ ಎರಡು ಸಲ ನೋಡಿ. ಇಲ್ಲದಿದ್ದರೆ ನಿಜವಾದ ಬ್ಯಾಕಪ್ಪೇ ಹೋಗುತ್ತೆ.

ಟರ್ಮಿನಲ್_ಮಾವ:
ಹೊರಗಿನ ಡಿಸ್ಕನ್ನು /ಎಂಎನ್‌ಟಿಯಲ್ಲಿ ಇಟ್ಟಿದ್ದೇ ತಪ್ಪು. ಯಾವ ಫೋಲ್ಡರ್ ಯಾತಕ್ಕೆ ಅಂತ ಹೇಳುವ ಎಫ್‌ಎಚ್‌ಎಸ್ ನಿಯಮದ ಪ್ರಕಾರ /ಎಂಎನ್‌ಟಿ ತಾತ್ಕಾಲಿಕ ಮೌಂಟ್‌ಗೆ. ತೆಗೆದು ಹಾಕುವ ಡಿಸ್ಕಿಗೆ /ಮೀಡಿಯಾ.

ಬ್ಯಾಡಗಿ_ಬೂಟ್:
/ಮೀಡಿಯಾದಲ್ಲಿ ಇಟ್ಟು ಇದೇ ಸ್ಕ್ರಿಪ್ಟ್ ಓಡಿಸಿದ್ದರೂ ಇದೇ ಆಗುತ್ತಿತ್ತು ಮಾವ. ಆಗಲೇ ಆಯ್ಕೆ ಆಯ್ಕೆ ಅಂತ ಕೂಗಿದವರು ನೀವೇ ತಾನೇ?

ಬೆಟಗೇರಿ_ಡಿಟಿಪಿ:
ಸಿಕ್ಕಿತು!! ಹದಿನೇಳುವರೆ ಜಿಬಿ. ಹಳೆಯ ಲಗ್ನಪತ್ರಿಕೆ, ಕ್ಯಾಲೆಂಡರ್ ಎಲ್ಲ ಅಲ್ಲಿ ಕೂತಿತ್ತು. ಅಳಿಸಿದೆ, ಇಂಕ್‌ಸ್ಕೇಪ್ ಅಪ್‌ಡೇಟ್ ಆಯಿತು. ಅಕ್ಕಾ, ಗದಗಿಗೆ ಬಂದರೆ ಚಹಾ ನನ್ನದು. ಆದರೂ ಕೇಳುತ್ತೇನೆ, ಪ್ರೋಗ್ರಾಮನ್ನು ಹೋಮ್‌ನಲ್ಲಿ ಹಾಕುವುದು ಹೇಗೆ?

ಸಾಧನಕೇರಿ_ಶೆಲ್:
ಪ್ರೋಗ್ರಾಂ ಹಾಕಿಕೊಡುವ ಫ್ಲ್ಯಾಟ್‌ಪ್ಯಾಕ್‌ಗೆ ಯೂಸರ್ ಅನ್ನುವ ಆಯ್ಕೆ ಕೊಟ್ಟು ಇನ್‌ಸ್ಟಾಲ್ ಮಾಡಿ, ನಿಮ್ಮ ಹೋಮ್ ಒಳಗೇ ಕೂರುತ್ತೆ. ಸೋರ್ಸ್‌ನಿಂದ ಕಟ್ಟುವುದಾದರೆ ಪ್ರಿಫಿಕ್ಸ್‌ನಲ್ಲಿ ನಿಮಗೆ ಬೇಕಾದ ಜಾಗ ಬರೆಯಿರಿ. ಡೆಬಿಯನ್‌ನ ಸ್ವಂತ ಇನ್‌ಸ್ಟಾಲರ್ ಎಪಿಟಿಗೆ ಮಾತ್ರ ಇದನ್ನು ಹೇಳೋಕೆ ಆಗಲ್ಲ. ಅದಕ್ಕಿಂತ ಮೊದಲು ಸ್ಕ್ರಿಪ್ಟಿನ ಮೇಲ್ಸಾಲಿನಲ್ಲಿ ಮೌಂಟ್‌ಪಾಯಿಂಟ್ -ಕ್ಯೂ ಪರೀಕ್ಷೆ ಹಾಕಿ, ಡಿಸ್ಕ್ ಇಲ್ಲದಿದ್ದರೆ ಅಲ್ಲೇ ನಿಲ್ಲಲಿ. ಈಗ ಡಿಸ್ಕ್ ಇಲ್ಲದ ಹೊತ್ತಲ್ಲೇ ಆ ಖಾಲಿ ಫೋಲ್ಡರಿಗೆ ಸಿಎಚ್‌ಅಟ್ರ್ +ಐ ಕೂಡ ಕೊಟ್ಟುಬಿಡಿ. ಆಮೇಲೆ ರೂಟ್ ಬಳಕೆದಾರನೇ ಬಂದರೂ ಅದರೊಳಗೆ ಬರೆಯೋಕೆ ಆಗಲ್ಲ, ಮೌಂಟ್ ಮಾತ್ರ ಎಂದಿನಂತೆ ಆಗುತ್ತೆ.

ನವನಗರ_ನಿಕ್ಸ್:
ನಿಕ್ಸ್‌ನಲ್ಲಿ ಬ್ಯಾಕಪ್ ಕೂಡ ಕಾನ್ಫಿಗ್‌ನಲ್ಲೇ ಬರೆಯಬಹುದು. ಫೋಟೋ ಹಾಕ್ತೀನಿ ಇರಿ.

ಟರ್ಮಿನಲ್_ಮಾವ:
ಏನೇ ಆಗಲಿ, ಜರ್ನಲ್‌ಗೆ ಒಂದು ಮಿತಿ ಹಾಕಿಬಿಡಿ ಬೆಟಗೇರಿಯವರೇ. 180 ಎಂಬಿ ಸಿಕ್ಕಿತಲ್ಲ.