ಅಪ್ಪ ಮಾಡಿಸಿದ ತೇಗದ ಕಿಟಕಿಗೆ ಜೋಡಿ ಗಾಜು ಕೂರಿಸಬಹುದಾ?

ಪ್ರಶ್ನೆ: ಬೇವಿನಮರದ ಮನೆ

ನಮ್ಮ ಮನೆ ದಾವಣಗೆರೆಯಲ್ಲಿ, ಹಳೆ ಪಿ.ಬಿ. ರಸ್ತೆಯಿಂದ ಒಂದು ಓಣಿ ಒಳಗೆ. 1986ರಲ್ಲಿ ಅಪ್ಪ ಕಟ್ಟಿಸಿದ್ದು. ಕಿಟಕಿಗಳೆಲ್ಲ ತೇಗದವು. ಆಚಾರ್ರು ಮನೆ ಮುಂದಿನ ಬೇವಿನ ಮರದ ಕೆಳಗೇ ಕೂತು ಎರಡು ತಿಂಗಳು ಕೆಲಸ ಮಾಡಿದ್ದರು. ಉದುರಿದ ಹೊಟ್ಟನ್ನು ಚೀಲಕ್ಕೆ ತುಂಬಿ ಬಚ್ಚಲ ಒಲೆಗೆ ಒಯ್ಯುವುದು ನನ್ನ ಕೆಲಸ. ಇವತ್ತಿಗೂ ಒಂದು ಕದವೂ ಸೊಟ್ಟ ಆಗಿಲ್ಲ.

ಅವ್ವನಿಗೆ ಈಗ 79. ಅವಳ ಕೋಣೆಯ ಕಿಟಕಿ ಪಡುವಣಕ್ಕಿದೆ. ಏಪ್ರಿಲ್‌ನಲ್ಲಿ ಮಧ್ಯಾಹ್ನ ಮೂರಾದರೆ ಬಿಸಿಲು ನೇರ ಮಂಚದ ಮೇಲೆ. ರಾತ್ರಿ ಲಾರಿ ಹಾರ್ನ್, ಅದು ನಿಂತರೆ ರೈಲಿನ ಕೂಗು. ಎದ್ದು ಕೂತವಳು ಮತ್ತೆ ಮಲಗುವುದೇ ಇಲ್ಲ.

ಗಾಜಿನ ಅಂಗಡಿಯಲ್ಲಿ ಕೇಳಿದೆ. "ಇವನ್ನೆಲ್ಲ ಕಿತ್ತು ಯುಪಿವಿಸಿ ಅನ್ನೋ ಪ್ಲಾಸ್ಟಿಕ್ ಕಿಟಕಿ ಹಾಕಿಸಿ" ಅಂದರು. ನನಗೆ ಕೀಳಿಸಲು ಮನಸ್ಸಿಲ್ಲ. ಇದೇ ಕದಗಳಿಗೆ ಜೋಡಿ ಗಾಜು ಹಾಕಲು ಆಗುತ್ತಾ? ಕಿಟಕಿ 4 ಅಡಿ ಚೌಕ, ಮೂರು ಕದ. ಕದದ ಮರ 32 ಎಂಎಂ ದಪ್ಪ. ಈಗಿರುವುದು 4 ಎಂಎಂ ಗಾಜು, ಅದನ್ನು ಹಿಡಿದಿಡಲು ಒಳಗಡೆಯಿಂದ ಬೀಡಿಂಗ್ ಪಟ್ಟಿ. ಕದ ಹೊರಕ್ಕೆ ತೆರೆಯುತ್ತೆ, ಒಳಗೆ ಕಬ್ಬಿಣದ ಸರಳು ಇದೆ.

ಉತ್ತರ: ಉಳಿ-ಬಾಚಿ

ಅಕ್ಕ, ಆಗುತ್ತೆ. ಆದರೆ ಲೆಕ್ಕ ಹಾಕಿ ಮಾಡಬೇಕು. ನಾನು ಹರಿಹರದಲ್ಲಿ ಮರಗೆಲಸ ಮಾಡುತ್ತೇನೆ.

ಜೋಡಿ ಗಾಜು ಅಂದರೆ 4 ಎಂಎಂ ಗಾಜು, ಮಧ್ಯೆ 6 ಎಂಎಂ ಸಂದು, ಮತ್ತೆ 4 ಎಂಎಂ ಗಾಜು. ಅಲ್ಲಿಗೇ 14. ಎರಡು ಕಡೆ ಟೇಪಿಗೆ ಎರಡೆರಡು ಸೇರಿದರೆ 18. ಗಾಜು ಕೂರುವ ತೋಡನ್ನು 20 ಎಂಎಂ ಆಳ ಮಾಡಿದರೆ ಹೊರಗಡೆ 12 ಎಂಎಂ ಮರ ಉಳಿಯುತ್ತೆ. ಅದಕ್ಕಿಂತ ತೆಳು ಮಾಡಬೇಡಿ. ಬೀಡಿಂಗ್ ಕೂರಲು ಒಳಗೆ ಜಾಗ ಇರಲ್ಲ, ಹಾಗಾಗಿ ಅದನ್ನು ಕದದ ಮೇಲೇ ಬಡಿಯಬೇಕು. ಅಷ್ಟು ದಪ್ಪ ಒಳಕ್ಕೆ ಚಾಚುತ್ತೆ. ಸರಳಿಗೂ ಕದಕ್ಕೂ ಮಧ್ಯೆ ಎಷ್ಟು ಜಾಗ ಇದೆ, ಮೊದಲು ಅಳೆಯಿರಿ.

ಇನ್ನೊಂದು, ಭಾರ. ಗಾಜು ಒಂದು ಚದರ ಮೀಟರಿಗೆ, ಒಂದು ಎಂಎಂ ದಪ್ಪಕ್ಕೆ ಎರಡೂವರೆ ಕೆಜಿ ತೂಗುತ್ತೆ. ನಿಮ್ಮ ಒಂದು ಕದದಲ್ಲಿ ಈಗ ಮೂರೂವರೆ ಕೆಜಿ ಗಾಜಿದ್ದರೆ ಅದು ಏಳು ದಾಟುತ್ತೆ. ಮಧ್ಯೆ ಮೂರನೇ ಹಿಂಜಸ್ ಹಾಕಿಸಲೇಬೇಕು.

ಒಂದು ಕದದ ಅಳತೆ ಇನ್ನೊಂದಕ್ಕೆ ಬರಲ್ಲ. ಮೂರನ್ನೂ ಬೇರೆ ಬೇರೆ ಅಳೆದು, ಸುತ್ತಲೂ 3 ಎಂಎಂ ಕಡಿಮೆ ಮಾಡಿ ಆರ್ಡರ್ ಕೊಡಿ. ಜೋಡಿ ಗಾಜು ತಯಾರಾದ ಮೇಲೆ ಕತ್ತರಿಸಲು ಆಗಲ್ಲ.

ಉತ್ತರ: ಕೋಟೆ ಊರಿನವನು

ಮೇಡಂ, ನಾನು ಚಿತ್ರದುರ್ಗದವನು. ಇದೇ ಕೆಲಸ ಮಾಡಿಸಿ ಕೈ ಸುಟ್ಟುಕೊಂಡಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಮನೆಗೆ ಬಂದ ಫಿಟ್ಟರ್ ಮಾಮೂಲಿ ಪುಟ್ಟಿ ಮೆತ್ತಿ, ಮೇಲೆ ವಿನೆಗರ್ ವಾಸನೆ ಬರುವ ಸಿಲಿಕಾನ್ ಬಳಿದು ಹೋದ. ಎರಡು ಮಳೆಗಾಲ ಆಗುವಷ್ಟರಲ್ಲಿ ಎರಡು ಗಾಜಿನ ಮಧ್ಯೆ ಮಂಜು ಕೂತಿತು. ಒರೆಸೋಣ ಅಂದರೆ ಕೈ ಹೋಗಲ್ಲ. ಜೋಡಿ ಗಾಜು ತಯಾರಿಸುವಾಗಲೇ ಅಂಚಿನಲ್ಲಿ ತೇವ ಹೀರುವ ಕಾಳು ತುಂಬಿ, ಸುತ್ತ ಸೀಲ್ ಮಾಡಿರುತ್ತಾರೆ. ಪುಟ್ಟಿಯ ಎಣ್ಣೆ, ಆ ಸಿಲಿಕಾನಿನ ಹುಳಿ, ಎರಡೂ ಸೀಲನ್ನು ಹಾಳು ಮಾಡುತ್ತವೆ. ನ್ಯೂಟ್ರಲ್ ಸಿಲಿಕಾನ್ ಅಂತಲೇ ಕೇಳಿ ತನ್ನಿ. ಗಾಜಿನ ಕೆಳಗೆ ಪ್ಲಾಸ್ಟಿಕ್ ತುಂಡು ಇಟ್ಟು ಎತ್ತರಿಸಬೇಕು, ನೀರು ಇಳಿದು ಹೋಗಲು ಸಣ್ಣ ತೂತು ಬೇಕು. ನಮ್ಮಲ್ಲಿ ಎರಡೂ ಇರಲಿಲ್ಲ.

ಬಿಸಿಲಿನ ವಿಷಯ. ಜೋಡಿ ಗಾಜು ಚಳಿ ದೇಶಗಳಲ್ಲಿ ಮನೆಯ ಬಿಸಿ ಹೊರಗೆ ಹೋಗದಿರಲಿ ಅಂತ ಹಾಕುವುದು. ಆ ಕೆಲಸ ಚೆನ್ನಾಗಿಯೇ ಮಾಡುತ್ತೆ. ಆದರೆ ನೇರ ಬಿಸಿಲಿನ ಶಾಖ ನೂರು ಪಾಲು ಬಿದ್ದರೆ, ಒಂಟಿ ಗಾಜು ಸುಮಾರು 85 ಪಾಲು ಒಳಗೆ ಬಿಡುತ್ತೆ, ಸಾದಾ ಜೋಡಿ ಗಾಜು 75 ಪಾಲಿನಷ್ಟು ಬಿಡುತ್ತೆ. ಅಷ್ಟೇ. ಪಡುವಣದ ಬಿಸಿಲನ್ನು ಗಾಜಿನ ಹೊರಗೇ ತಡೆಯಬೇಕು. ಸಜ್ಜಾದ ಅಂಚಿಗೆ ಬಿದಿರಿನ ಪರದೆ ಇಳಿಬಿಡಿ.

ಸದ್ದಿಗೂ 6 ಎಂಎಂ ಸಂದು ಸಾಲದು. ಲಾರಿಯ ಗುಡುಗುಡು ಸದ್ದು ಹಾಗೇ ಬರುತ್ತೆ. ಎರಡು ಗಾಜಿನ ಮಧ್ಯೆ ನಾಲ್ಕು ಇಂಚಾದರೂ ಇರಬೇಕು. ನಿಮ್ಮದು ಒಂಬತ್ತು ಇಂಚಿನ ಗೋಡೆ ಅಲ್ವಾ? ಸರಳಿನ ಒಳಗಡೆ ಕಟ್ಟೆ ಇದ್ದರೆ ಅಲ್ಲಿ ಇನ್ನೊಂದು ಗಾಜಿನ ಕದ ಕೂರಿಸಿ, ಸುತ್ತ ರಬ್ಬರ್ ಕೊಡಿ. ಹಳೆ ಕದಕ್ಕೆ ಉಳಿ ತಾಗಿಸುವುದೇ ಬೇಡ. ಅದಕ್ಕೂ ಮೊದಲು ಕಿಟಕಿ ಮುಚ್ಚಿ, ಊದುಬತ್ತಿ ಹಚ್ಚಿ ಸಂದುಗಳ ಹತ್ತಿರ ಹಿಡಿಯಿರಿ. ಹೊಗೆ ಎಲ್ಲಿ ಅಲ್ಲಾಡುತ್ತೋ ಅಲ್ಲಿಂದಲೇ ಸದ್ದು ಬರುತ್ತಿರುತ್ತೆ.

ರಾತ್ರಿ ಆ ಕಿಟಕಿ ಮುಚ್ಚಿದರೆ ತಾಯಿಯವರಿಗೆ ಗಾಳಿ ಎಲ್ಲಿಂದ? ಇದನ್ನೂ ಯೋಚಿಸಿ.

ಬೇವಿನಮರದ ಮನೆ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಊದುಬತ್ತಿ ಹಿಡಿದು ನೋಡಿದೆ. ಕದಗಳು ಒಂದಕ್ಕೊಂದು ಸೇರುವಲ್ಲಿ ಹೊಗೆ ಸರ್ರನೆ ಒಳಗೆ ನುಗ್ಗಿತು. ಕೆಳಗಿನ ಸಂದಿನಲ್ಲಿ ಒಂದು ರೂಪಾಯಿ ನಾಣ್ಯ ಹಿಡಿಸುತ್ತೆ. ಇಷ್ಟು ವರ್ಷ ಗಾಜನ್ನೇ ಬೈದುಕೊಂಡಿದ್ದೆ.

ಸರಳಿಗೂ ಕದಕ್ಕೂ ಇರುವುದು ಬರೀ 9 ಎಂಎಂ. ಬೀಡಿಂಗ್ ಚಾಚಿದರೆ ಸರಳಿಗೆ ತಾಗುತ್ತೆ. ಒಳಗಡೆ ಕಟ್ಟೆ ಮಾತ್ರ ಪೂರ್ತಿ ಐದು ಇಂಚು ಇದೆ. ಅವ್ವ ಅಲ್ಲಿ ವಿಭೂತಿ ಗಟ್ಟಿ, ಕನ್ನಡಕ ಇಡುತ್ತಾಳೆ. ಅವಕ್ಕೆ ಗೋಡೆಗೊಂದು ಹಲಗೆ ಹೊಡೆಸುತ್ತೇನೆ. ಗಾಳಿಗೆ ಹಿತ್ತಲ ಕಡೆ ಇನ್ನೊಂದು ಸಣ್ಣ ಕಿಟಕಿ ಇದೆ, ಆ ಕಡೆ ಸದ್ದು ಕಮ್ಮಿ.

ಅಣ್ಣ, ಒಳಗಿನ ಕದ ಒಂದೇ ಮಾಡಿಸಬೇಕಾ, ಎರಡಾ?

ಉಳಿ-ಬಾಚಿ

ಎರಡು ಮಾಡಿಸಿ ಅಕ್ಕ. 4 ಅಡಿಯ ಒಂದೇ ಕದ ತೆರೆದರೆ ಕೋಣೆಯೊಳಗೆ ಅಷ್ಟೂ ಬರುತ್ತೆ, ಮಂಚಕ್ಕೆ ಅಡ್ಡ. ಗಾಜು 5 ಎಂಎಂ ಹಾಕಿ, ಹೊರಗಿನದು 4 ಇದೆಯಲ್ಲ. ಎರಡೂ ಒಂದೇ ದಪ್ಪ ಇದ್ದರೆ ಒಂದೇ ಸದ್ದಿಗೆ ಎರಡೂ ಅದುರುತ್ತವೆ. ಹಳೆ ಕದದ ಸಂದಿಗೆ ರಬ್ಬರ್ ಮೊದಲು ಹಾಕಿಸಿ, ಎರಡು ರಾತ್ರಿ ಅಮ್ಮ ಹೇಗೆ ಮಲಗುತ್ತಾರೆ ನೋಡಿ. ಆಮೇಲೆ ಒಳಗಿನ ಕದಕ್ಕೆ ಅಳತೆ ತೆಗೆಯಿರಿ.