ಪೊಲೀಸರಿಗೆ ಫೋನ್ ಮಾಡುವ ಮುಂಚೆ ಯಾರಿಗೆ ಮಾಡಬೇಕು?

ಮೂರನೇ_ಮಹಡಿ:
ನಮ್ಮ ಪಕ್ಕದ ಮನೆ ಹುಡುಗನಿಗೆ ಮಾನಸಿಕ ಕಾಯಿಲೆ ಇದೆ. ಹೋದ ತಿಂಗಳು ಮಾತ್ರೆ ಬಿಟ್ಟು, ರಾತ್ರಿ ಮೆಟ್ಟಿಲ ಮೇಲೆ ಕೂತು ಕೂಗಾಡುತ್ತಿದ್ದ. ಯಾರೋ ಪೊಲೀಸರನ್ನು ಕರೆದರು. ಬಂದವರು ಕೈ ತಿರುಚಿ ಎಳೆದುಕೊಂಡು ಹೋದರು. ಅವನ ತಾಯಿ ಬರಿಗಾಲಲ್ಲಿ ಹಿಂದೆ ಓಡಿದರು. ಈಗ ಆ ಮನೆಯವರು ಯಾರ ಜೊತೆಗೂ ಮಾತಾಡುತ್ತಿಲ್ಲ. ಇಂಥ ಹೊತ್ತಲ್ಲಿ ಮೊದಲು ನಾವೇ ಹೋಗೋಣ ಅಂತ ಒಂದಷ್ಟು ಜನ ಸೇರಿದ್ದೇವೆ. ಬೇರೆ ಕಡೆ ಯಾರಾದರೂ ಮಾಡಿದ್ದಾರಾ? ಎಲ್ಲಿಂದ ಶುರು ಮಾಡೋದು?

ರಾತ್ರಿಪಾಳಿ:
ಮಾಡಿದ್ದಾರೆ. ಅಮೆರಿಕದ ಯೂಜೀನ್ ನಗರದಲ್ಲಿ 1989ರಲ್ಲೇ ಕಾಹೂಟ್ಸ್ ಶುರುವಾಯಿತು, ಇಂಥ ಕರೆಗಳಿಗೆ ಪೊಲೀಸರ ಬದಲು ಹೋಗುವ ತಂಡ. ಒಂದು ವ್ಯಾನು, ಇಬ್ಬರು ಜನ. ಒಬ್ಬರು ವೈದ್ಯಕೀಯ ತರಬೇತಿ ಪಡೆದವರು, ಇನ್ನೊಬ್ಬರು ಕಂಗೆಟ್ಟವರ ಜೊತೆ ಮಾತಾಡಿ ಪಳಗಿದವರು. ಆಯುಧ ಇಲ್ಲ. ಡೆನ್ವರ್ ನಗರ 2020ರಲ್ಲಿ ಸ್ಟಾರ್ ಅಂತ ಇದೇ ಥರದ್ದನ್ನು ತಂದಿತು. ಅದು ಕೆಲಸ ಮಾಡಿದ ಕಡೆ ಸಣ್ಣಪುಟ್ಟ ಅಪರಾಧಗಳ ದೂರು 34% ಇಳಿದಿದೆ ಅಂತ 2022ರ ಒಂದು ಅಧ್ಯಯನ ಹೇಳಿತು.

ನಾನು ಮನೋರೋಗ ವಾರ್ಡಿನಲ್ಲಿ ನರ್ಸ್. ನನ್ನ ಕೇಳಿದರೆ ವ್ಯಾನು ಆಮೇಲೆ. ಮೊದಲು ಆ ತಾಯಿಯನ್ನು ನೋಡಿ. ಹುಡುಗ ಸಮಾಧಾನವಾಗಿ ಇರುವಾಗ ಅವನನ್ನೇ ಕೇಳಿ: ಕಷ್ಟ ಆದಾಗ ಯಾರು ಬಂದರೆ ಪರವಾಗಿಲ್ಲ, ಯಾರು ಬರಲೇಬಾರದು, ಯಾವ ಡಾಕ್ಟರು, ಯಾವ ಮಾತ್ರೆ. ಅವನ ಮಾತಲ್ಲೇ ಒಂದು ಹಾಳೆಯಲ್ಲಿ ಬರೆದಿಡಿ. ಅಂಥ ಹಾಳೆ ಹಿಡಿದು ಬಂದವರಿಗೆ ನಮ್ಮಲ್ಲಿ ಅರ್ಧ ಗಾಬರಿ ಕಮ್ಮಿ ಇರುತ್ತೆ.

ಹೋಗುವಾಗ ಇಬ್ಬರೇ ಹೋಗಿ. ಬಾಗಿಲಿಗೆ ಅಡ್ಡ ನಿಲ್ಲಬೇಡಿ, ಹೊರಗೆ ಹೋಗುವ ದಾರಿ ಅವನಿಗೆ ಕಾಣುತ್ತಿರಬೇಕು. ನಿಮ್ಮ ಕೈಗಳೂ ಕಾಣುತ್ತಿರಲಿ. ಸ್ವಲ್ಪ ದೂರದಲ್ಲಿ ಕೂತುಕೊಂಡು ಮೆಲ್ಲಗೆ ಮಾತಾಡಿ. ಒಬ್ಬರು ಮಾತಾಡಲಿ. ಇನ್ನೊಬ್ಬರು ಮೊಬೈಲ್ ಹಿಡಿದು ವಿಡಿಯೋ ಮಾಡುವವರನ್ನು ಆಚೆ ಕಳಿಸಲಿ, ಅದೂ ಅಷ್ಟೇ ದೊಡ್ಡ ಕೆಲಸ. ಯಾರೋ ಬೈತಿದ್ದಾರೆ ಅಂತ ಅವನು ಅಂದರೆ ‘ಯಾರೂ ಇಲ್ಲ’ ಅಂತ ವಾದಕ್ಕೆ ಇಳಿಯಬೇಡಿ. ‘ಹಾಗೆ ಕೇಳಿಸ್ತಿದ್ರೆ ಭಯ ಆಗುತ್ತೆ ಅಲ್ವಾ’ ಅನ್ನಿ, ಸಾಕು.

ದುಡ್ಡಿನ ವಿಷಯವನ್ನೂ ಈಗಲೇ ಯೋಚಿಸಿ. 35 ವರ್ಷಕ್ಕೂ ಜಾಸ್ತಿ ನಡೆದ ಕಾಹೂಟ್ಸ್, 2025ರ ಏಪ್ರಿಲ್‌ನಲ್ಲಿ ಹಣ ಸಾಲದೆ ಯೂಜೀನ್‌ನಲ್ಲಿ ನಿಂತುಹೋಯಿತು. ನನಗೆ ಆ ಸುದ್ದಿ ಓದಿ ಬಹಳ ಸಂಕಟ ಆಯಿತು. ಚಂದಾ ಎತ್ತಿ ಇದನ್ನು ಬಹಳ ದಿನ ನಡೆಸೋಕೆ ಆಗಲ್ಲ. ನಗರದ ಬಜೆಟ್ಟಿನಲ್ಲೇ ಪಾಲು ಕೇಳಬೇಕು.

ಕಿಟಕಿ_ಪಕ್ಕ:
ಗಂಡ ಹೊಡೆಯುವ ಮನೆಗೂ ನೀವೇ ಹೋಗ್ತೀರಾ? ನಾನು ಅಂಥ ಮನೆ ಬಿಟ್ಟು ಬಂದವಳು. ಅಕ್ಕಪಕ್ಕದ ಹಿರಿಯರು ಬರುತ್ತಿದ್ದರು, ‘ಹೊಂದಿಕೊಂಡು ಹೋಗಮ್ಮ’ ಅಂತ ಹೇಳಿ ಹೋಗುತ್ತಿದ್ದರು. ನಿಮ್ಮ ಗುಂಪೂ ಅದನ್ನೇ ಮಾಡೋದಾದರೆ ಬೇಡವೇ ಬೇಡ.

ರಾತ್ರಿಪಾಳಿ:
ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಅಲ್ಲಿ ರಾಜಿ ಮಾಡಿಸೋಕೆ ಯಾರೂ ಹೋಗಬಾರದು. ಅವಳಿಗೆ ಏನು ಬೇಕು ಅಂತ ಅವಳನ್ನು ಒಂಟಿಯಾಗಿ ಕೇಳಬೇಕು. ಪೊಲೀಸರೇ ಬೇಕು ಅಂದರೆ ಠಾಣೆಗೆ ಜೊತೆಯಲ್ಲಿ ಹೋಗಿ. ಮನೆ ಬಿಡಬೇಕು ಅಂದರೆ ಆ ರಾತ್ರಿಯೇ ಉಳಿಯೋಕೆ ಜಾಗ ಬೇಕು, ಮಕ್ಕಳನ್ನು ನೋಡಿಕೊಳ್ಳುವವರು ಬೇಕು. ಅಷ್ಟು ವ್ಯವಸ್ಥೆ ಆಗುವ ತನಕ ಇಂಥ ಕರೆ ನಾವು ತಗೊಳ್ಳಲ್ಲ ಅಂತ ಎಲ್ಲರಿಗೂ ಮೊದಲೇ ತಿಳಿಸಿ.

ಮೂರನೇ_ಮಹಡಿ:
ಇಬ್ಬರಿಗೂ ಥ್ಯಾಂಕ್ಸ್. ಯಾವ ಕರೆಗೆ ಹೋಗಬೇಕು, ಯಾವುದಕ್ಕೆ ಹೋಗಬಾರದು ಅನ್ನೋ ಪಟ್ಟಿಯನ್ನು ಭಾನುವಾರ ಕೂತು ಬರೀತೀವಿ. ಕಿಟಕಿಪಕ್ಕ ಅವರೇ, ಬರೆದಿದ್ದನ್ನು ಇಲ್ಲಿ ಹಾಕಿದರೆ ಒಮ್ಮೆ ನೋಡ್ತೀರಾ?