ಪದಚರ್ಚೆ: ಡೆಸ್ಕ್‌ಟಾಪ್ ಲಿನಕ್ಸಿನ ವಿಷಯಕ್ಕೆ ‘ಹೆಣಗು’, ‘ತಿಣುಕು’, ‘ಏಗು’ – ಯಾವುದು ಸರಿ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಡೆಸ್ಕ್‌ಟಾಪ್ ಲಿನಕ್ಸನ್ನು (ವಿಂಡೋಸಿನ ಬದಲು ಕಂಪ್ಯೂಟರಿಗೆ ಹಾಕಿಕೊಳ್ಳಬಹುದಾದ ಆಪರೇಟಿಂಗ್ ಸಿಸ್ಟಂ) ಸಾಮಾನ್ಯ ಬಳಕೆದಾರರಿಗೆ ಮುಟ್ಟಿಸಲು ಸಾಫ್ಟ್‌ವೇರ್ ಕಂಪನಿಗಳು ಪಟ್ಟ ಪಾಡಿನ ಬಗ್ಗೆ ಒಂದು ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇವೆ. ಇಂಗ್ಲಿಷಿನ ‘ಸ್ಟ್ರಗಲ್’ ಅದರಲ್ಲಿ ಪುಟಕ್ಕೆರಡು ಸಲ ಬರುತ್ತದೆ. ಕರಡಿನಲ್ಲಿ ಒಂದು ಕಡೆ ‘ಹೋರಾಡುತ್ತಿದೆ’, ಇನ್ನೊಂದು ಕಡೆ ‘ಹೆಣಗುತ್ತಿದೆ’, ಮತ್ತೊಂದು ಕಡೆ ‘ತಿಣುಕುತ್ತಿದೆ’ ಎಂದಾಗಿದೆ. ಮೂರೂ ಒಂದೇ ಅಲ್ಲ ಅನ್ನಿಸುತ್ತದೆ. ಜೊತೆಗೆ ‘ಫ್ರಾಗ್ಮೆಂಟೇಶನ್’ಗೆ ‘ಛಿದ್ರೀಕರಣ’, ‘ಡಿಪೆಂಡೆನ್ಸಿ’ಗೆ ‘ಅವಲಂಬನೆ’ ಎಂದು ಹಾಕಿದ್ದೇವೆ. ತಿಳಿದವರು ಹೇಳಬೇಕು.

ಉತ್ತರ 1

ಮೊದಲು ‘ಹೋರಾಡು’ ತೆಗೆಯಿರಿ. ಹೋರಾಟಕ್ಕೆ ಎದುರಾಳಿ ಬೇಕು. ಉಬುಂಟು ಎಂಬ ಲಿನಕ್ಸ್ ಜೋಡಣೆಯ ದೋಷಪಟ್ಟಿಯಲ್ಲಿ ಮೊದಲನೇ ನಂಬರಿನ ದೋಷವೆಂದು 2004ರಲ್ಲಿ ದಾಖಲಾದದ್ದು ‘ಮಾರುಕಟ್ಟೆಯ ಬಹುಪಾಲು ಮೈಕ್ರೋಸಾಫ್ಟ್ ಕೈಯಲ್ಲಿದೆ’ ಎಂಬ ಸಂಗತಿಯೇ. 2013ರಲ್ಲಿ ಅದನ್ನು ಮುಚ್ಚಿದರು. ಅಷ್ಟರ ಮಟ್ಟಿಗೆ ಹೋರಾಟ ಅನ್ನಬಹುದು. ಆದರೆ ಕಂಪನಿಯ ಎಂಜಿನಿಯರಿಗೆ ದಿನಾ ಎದುರಾಗುವುದು ಮೈಕ್ರೋಸಾಫ್ಟ್ ಅಲ್ಲ, ವೈಫೈ ಚಿಪ್ಪು.

‘ತಿಣುಕು’ ಅಂದರೆ ಭಾರ ಹೆಚ್ಚು, ಬಲ ಸಾಲದು. ಇನ್ನೂ ನಾಲ್ಕು ಜನ ಕೈ ಹಾಕಿದರೆ ಎದ್ದೀತು ಎಂಬ ಧ್ವನಿ ಅದಕ್ಕಿದೆ. ‘ಹೆಣಗು’ ಅದಕ್ಕಿಂತ ವಾಸಿ: ಪಟ್ಟು ಬಿಡದ ಪ್ರಯತ್ನ, ಫಲದ ಖಾತ್ರಿ ಇಲ್ಲ. ಆದರೆ ಯಾರ ಜೊತೆ, ಯಾತರ ಜೊತೆ ಅನ್ನುವುದನ್ನು ಅದು ಹೇಳುವುದಿಲ್ಲ. ನನ್ನ ಸಲಹೆ ‘ಏಗು’. ‘ಈ ಹುಡುಗರ ಜೊತೆ ಏಗೋರು ಯಾರು’, ‘ಬಡತನದೊಡನೆ ಏಗಿದ’ ಎನ್ನುತ್ತೇವಲ್ಲ, ಆ ಏಗು. ನಮ್ಮ ಹಿಡಿತಕ್ಕೆ ಸಿಗದ, ಬಿಟ್ಟು ಹೋಗಲೂ ಆಗದ ಒಂದರ ಜೊತೆ ದಿನ ದೂಡುವುದು.

ಈ ಪದ ಯಾಕೆ ಒಪ್ಪುತ್ತದೆ ಅನ್ನುವುದಕ್ಕೆ ಆ ವೈಫೈ ಚಿಪ್ಪನ್ನೇ ನೋಡಿ. ಅದು ನಡೆಯಲು ಎರಡು ತುಂಡು ಬೇಕು: ಕರ್ನಲ್ (ಯಂತ್ರವನ್ನು ನಡೆಸುವ ಲಿನಕ್ಸಿನ ತಿರುಳು) ಒಳಗೆ ಚಿಪ್ಪಿನೊಡನೆ ಮಾತಾಡುವ ಡ್ರೈವರ್, ಚಿಪ್ಪಿಗೆ ತುಂಬುವ ಫರ್ಮ್‌ವೇರ್ ಕಡತ. ಡ್ರೈವರ್ ಬರೆಯುವುದು ಚಿಪ್ ತಯಾರಕ, ಇಲ್ಲವೇ ಆಸಕ್ತಿಯುಳ್ಳ ಇನ್ಯಾರೋ. ಒಪ್ಪುವುದು, ಬಿಡುವುದು ಕರ್ನಲ್ ನೋಡಿಕೊಳ್ಳುವವರಿಗೆ ಸೇರಿದ್ದು. ಫರ್ಮ್‌ವೇರಿನ ಪರವಾನಗಿ ತಯಾರಕನದು. ಹಲವು ವರ್ಷ ಬೆಂಬಲವಿರುವ ಆವೃತ್ತಿಯನ್ನು ಬಿಡುವಾಗ ಕಂಪನಿ ಒಂದು ಕರ್ನಲ್ ಆಯ್ದು ಅಲ್ಲಿಗೆ ನಿಲ್ಲಿಸುತ್ತದೆ. ಆಮೇಲೆ ಬಂದ ಚಿಪ್ಪಿನ ಗುರುತು ಆ ಕರ್ನಲ್‌ಗೆ ಇರುವುದಿಲ್ಲ. ಬಳಕೆದಾರರಿಗೆ ಕಾಣುವುದು ಖಾಲಿ ನೆಟ್‌ವರ್ಕ್ ಪಟ್ಟಿ. ಪರಿಹಾರದ ಪ್ಯಾಕೇಜ್ ಇಳಿಸಿಕೊಳ್ಳಲು ನೆಟ್‌ವರ್ಕೇ ಬೇಕು! ಕೇಬಲ್ ಚುಚ್ಚಿ, ಅಥವಾ ಫೋನನ್ನು ಯುಎಸ್‌ಬಿಗೆ ಸಿಕ್ಕಿಸಿ ಟೆದರಿಂಗ್ ಆನ್ ಮಾಡಿ, ಹೊಸ ಕರ್ನಲ್ ಹಾಕಿಕೊಳ್ಳಬೇಕು.

ಇದಕ್ಕೆಂದೇ ಉಬುಂಟು ತನ್ನ ದೀರ್ಘಾವಧಿ ಆವೃತ್ತಿಗಳಿಗೆ ಮುಂದಿನ ಕರ್ನಲ್‌ಗಳನ್ನು ತಂದು ಕೂಡಿಸುತ್ತದೆ. ಕೂಡಿಸಿದರೆ ಬೇರೆ ತೊಡಕು. ಕರ್ನಲ್‌ನ ಒಳಗಿನ ವ್ಯವಸ್ಥೆ ಆವೃತ್ತಿಯಿಂದ ಆವೃತ್ತಿಗೆ ಹಾಗೆಯೇ ಇರುತ್ತದೆಂಬ ಭರವಸೆಯನ್ನು ಕರ್ನಲ್‌ನವರು ಬೇಕೆಂತಲೇ ಕೊಟ್ಟಿಲ್ಲ. ಹಾಗಾಗಿ ಗ್ರಾಫಿಕ್ಸ್ ಚಿಪ್ ಮಾಡುವ ಎನ್‌ವಿಡಿಯಾದಂಥವರ ಹೊರಗಿನ ಡ್ರೈವರುಗಳ ಮಾಡ್ಯೂಲನ್ನು (ಕರ್ನಲ್‌ಗೆ ಸೇರುವ ತುಂಡನ್ನು) ಪ್ರತಿ ಹೊಸ ಕರ್ನಲ್‌ಗೂ ಮತ್ತೆ ಕಟ್ಟಬೇಕು. ಕಟ್ಟುವಾಗ ತಪ್ಪಿದರೆ, ಅಥವಾ ಸಹಿಯಿಲ್ಲದ್ದನ್ನು ತಡೆಯುವ ಸೆಕ್ಯೂರ್ ಬೂಟ್ ಆನ್ ಇದ್ದು ಮಾಡ್ಯೂಲಿಗೆ ಒಪ್ಪಿತ ಸಹಿ ಬೀಳದಿದ್ದರೆ, ಡ್ರೈವರ್ ಲೋಡ್ ಆಗುವುದಿಲ್ಲ. ಮಾರನೇ ಬೂಟಿಗೆ ಕಪ್ಪು ತೆರೆ ಬಂದರೂ ಆಶ್ಚರ್ಯವಿಲ್ಲ. ಚಿಪ್ ತಯಾರಕ, ಕರ್ನಲ್‌ನವರು, ಡ್ರೈವರಿನವರು – ಯಾರೂ ಕಂಪನಿಯ ನೌಕರರಲ್ಲ. ಬೈಗುಳ ಮಾತ್ರ ಕಂಪನಿಯ ವಿಳಾಸಕ್ಕೇ.

ಇನ್ನೊಂದು ಸಂದರ್ಭ, ನಿಮ್ಮ ಲೇಖನದಲ್ಲೂ ಇರಬಹುದು. ಉಬುಂಟು ತರುವ ಕಂಪನಿ ಕೆನಾನಿಕಲ್ 2011ರಲ್ಲಿ ತನ್ನದೇ ಯೂನಿಟಿಯನ್ನು ಉಬುಂಟು ಡೆಸ್ಕ್‌ಟಾಪಿನ ಮುಖ ಮಾಡಿತು, 2013ರ ಮಾರ್ಚಿನಲ್ಲಿ ಅದೇ ಕೆಲಸಕ್ಕಿದ್ದ ವೇಲ್ಯಾಂಡಿಗೆ ಪರ್ಯಾಯವಾಗಿ ಮಿರ್ ಎಂಬ ಸ್ವಂತ ಡಿಸ್‌ಪ್ಲೇ ಸರ್ವರ್ (ಅಪ್ಲಿಕೇಶನ್‌ಗಳನ್ನು ತೆರೆಯ ಮೇಲೆ ಮೂಡಿಸುವ ಭಾಗ) ಪ್ರಕಟಿಸಿತು. ಎಕ್ಸ್ ಎಂಬ ಹಳೆಯ ಡಿಸ್‌ಪ್ಲೇ ವ್ಯವಸ್ಥೆಗೆ ಬರೆದ ಅಪ್ಲಿಕೇಶನ್‌ಗಳು ಮಿರ್ ಮೇಲೆ ನಡೆಯಲು ಗ್ರಾಫಿಕ್ಸ್ ಡ್ರೈವರಿನಲ್ಲಿ ತಿದ್ದುಪಡಿ ಬೇಕಿತ್ತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಇಂಟೆಲ್ ಆ ತಿದ್ದುಪಡಿಯನ್ನು ತನ್ನ ಡ್ರೈವರಿನಿಂದ ತೆಗೆದುಹಾಕಿತು. ಅಲ್ಲಿಂದಾಚೆ ಅದನ್ನು ಹೊತ್ತುಕೊಂಡು ತಿರುಗುವ ಹೊಣೆ ಕೆನಾನಿಕಲ್‌ನದೇ. 2017ರ ಏಪ್ರಿಲ್‌ನಲ್ಲಿ ಯೂನಿಟಿಯ ಕೆಲಸ ನಿಲ್ಲಿಸಿ, ಉಬುಂಟು 17.10ರಿಂದ ಮೊದಲಿದ್ದ ಗ್ನೋಮ್ ಡೆಸ್ಕ್‌ಟಾಪಿಗೆ ಮರಳಿತು. ಏಗುವುದು ಸಾಕಾಗಿ ತನ್ನದೇ ಕಟ್ಟಿಕೊಳ್ಳಲು ಹೊರಟರೆ, ಏಗಬೇಕಾದವರ ಪಟ್ಟಿ ಬೆಳೆಯುತ್ತದೆ.

ಈಗ ‘ಛಿದ್ರೀಕರಣ’. ಛಿದ್ರವಾಗಲು ಮೊದಲು ಒಂದಾಗಿದ್ದಿರಬೇಕು. 1991ರಲ್ಲಿ ಹುಟ್ಟಿದ್ದು ಕರ್ನಲ್ ಮಾತ್ರ. ಉಳಿದದ್ದನ್ನು ಜೋಡಿಸಿದವರು ಬೇರೆ ಬೇರೆ, ಜೋಡಿಸಿದ ಬಗೆಯೂ ಬೇರೆ ಬೇರೆ. ಹಸ್ತಪ್ರತಿಗಳ ಪಾಠಾಂತರ ಇದ್ದ ಹಾಗೆ: ಒಂದೇ ಕೃತಿ, ಪ್ರತಿ ಮಾಡಿದವರಿಗೆ ತಕ್ಕಂತೆ ಪಾಠ. ನಿಮ್ಮ ಲೇಖನ ಹೇಳುತ್ತಿರುವುದು ಡೆಬ್, ಆರ್‌ಪಿಎಂ, ಫ್ಲಾಟ್‌ಪ್ಯಾಕ್, ಸ್ನ್ಯಾಪ್ ಎಂಬ ಪ್ಯಾಕೇಜುಗಳ (ಪ್ರೋಗ್ರಾಂ ಕಟ್ಟಿ ಕಳಿಸುವ ಪೊಟ್ಟಣಗಳ) ಬಗ್ಗೆಯಾದರೆ ‘ಬಗೆ ಹೆಚ್ಚಿದ್ದು’ ಅಂದರೆ ಸಾಕು. ಗ್ನೋಮ್ 3 ಬಂದಾಗ ಒಪ್ಪದವರು ಗ್ನೋಮ್ 2ರ ಸೋರ್ಸ್ ಹಿಡಿದು ಮಾಟೆ ಮಾಡಿಕೊಂಡದ್ದರ ಬಗ್ಗೆಯಾದರೆ ‘ಕವಲು’. ಎರಡಕ್ಕೂ ಒಂದೇ ಪದ ಹಾಕಬೇಡಿ, ಇಂಗ್ಲಿಷಿನವರು ಹಾಕಿದ್ದರೂ.

ಉತ್ತರ 2

‘ಅವಲಂಬನೆ’ ಬಗ್ಗೆ ಮಾತ್ರ ಹೇಳುತ್ತೇನೆ. ಇದರಲ್ಲಿ ದಿಕ್ಕು ತಪ್ಪುವ ಅಪಾಯವಿದೆ. ಒಂದು ಪ್ರೋಗ್ರಾಮಿಗೆ ಒಂದು ಲೈಬ್ರರಿ (ಹಲವು ಪ್ರೋಗ್ರಾಮುಗಳು ಹಂಚಿಕೊಳ್ಳುವ ಸಿದ್ಧ ಕೋಡ್) ಬೇಕು ಅನ್ನಿ. ಇಂಗ್ಲಿಷಿನಲ್ಲಿ ‘ಡಿಪೆಂಡೆನ್ಸಿ’ ಎನ್ನುವುದು ಆ ಲೈಬ್ರರಿಯನ್ನು. ಕನ್ನಡದಲ್ಲಿ ‘ಪ್ರೋಗ್ರಾಮಿನ ಅವಲಂಬನೆಗಳನ್ನು ಅನುಸ್ಥಾಪಿಸಿ’ ಎಂದರೆ, ಪ್ರೋಗ್ರಾಮನ್ನು ನೆಚ್ಚಿಕೊಂಡವೋ ಪ್ರೋಗ್ರಾಮು ನೆಚ್ಚಿಕೊಂಡವೋ ಓದುಗ ತಡವರಿಸುತ್ತಾನೆ. ‘ಆಧಾರ’ ಅಥವಾ ‘ಆಸರೆ’ ಹಾಕಿದರೆ ಗೊಂದಲವಿಲ್ಲ. ‘ಆಧಾರ ಸಿಗದೆ ಪ್ರೋಗ್ರಾಂ ತೆರೆಯಲಿಲ್ಲ’ ಅನ್ನಿ, ಯಾರಿಗೂ ವಿವರಿಸಬೇಕಿಲ್ಲ.

ಉದಾಹರಣೆ ಬೇಕಿದ್ದರೆ ಇದನ್ನು ಕೊಡಿ. ಸಿ ಭಾಷೆಯ ಪ್ರೋಗ್ರಾಮುಗಳಿಗೆ ಬೇಕಾದ ಮೂಲ ಲೈಬ್ರರಿ ಜಿಲಿಬ್‌ಸಿ. ಉಬುಂಟು 22.04ರಲ್ಲಿ ಇರುವುದು ಅದರ 2.35, 20.04ರಲ್ಲಿ 2.31. ಹೊಸದರಲ್ಲಿ ಮಾಮೂಲಿಯಾಗಿ ಕಂಪೈಲ್ ಮಾಡಿದ (ಯಂತ್ರ ಓಡಿಸುವ ರೂಪಕ್ಕೆ ಕಟ್ಟಿದ) ಸಿ ಪ್ರೋಗ್ರಾಮನ್ನು ಹಳೆಯದಕ್ಕೆ ಒಯ್ದು ಓಡಿಸಿದರೆ, ‘ಜಿಲಿಬ್‌ಸಿ 2.34 ಸಿಗಲಿಲ್ಲ’ ಎಂದು ಹೇಳಿ ನಿಲ್ಲುತ್ತದೆ. ಪ್ರೋಗ್ರಾಮಿನಲ್ಲಿ ಒಂದಕ್ಷರ ತಪ್ಪಿರುವುದಿಲ್ಲ. ಪ್ರೋಗ್ರಾಂ ಶುರುವಾಗುವ ಫಂಕ್ಷನ್ನಿಗೆ 2.34ರಲ್ಲಿ ಹೊಸ ಆವೃತ್ತಿಯ ಚೀಟಿ ಅಂಟಿಸಿದ್ದಾರೆ, ಹಳೆಯ ಲೈಬ್ರರಿಯಲ್ಲಿ ಆ ಚೀಟಿ ಇಲ್ಲ. ಹಳೆಯದರಲ್ಲಿ ಕಟ್ಟಿದ್ದು ಹೊಸದರಲ್ಲಿ ಓಡುತ್ತದೆ, ಹೊಸದರಲ್ಲಿ ಕಟ್ಟಿದ್ದು ಹಳೆಯದರಲ್ಲಿ ಓಡುವುದಿಲ್ಲ. ಆದ್ದರಿಂದ ತಾನು ಬೆಂಬಲಿಸುವ ಅತಿ ಹಳೆಯ ಆವೃತ್ತಿಯಲ್ಲೇ ಕಟ್ಟಬೇಕು. ಇಲ್ಲವೇ ಫ್ಲಾಟ್‌ಪ್ಯಾಕಿನಂತೆ ಆಧಾರವನ್ನೂ ಜೊತೆಗೆ ಕಳಿಸಬೇಕು, ಮೊದಲ ಅಪ್ಲಿಕೇಶನ್‌ಗೆ ನೂರಾರು ಎಂಬಿ ಇಳಿದರೂ ಸರಿ. ವ್ಯಾಪಾರಕ್ಕೆ ಸಾಫ್ಟ್‌ವೇರ್ ಮಾಡುವವರು ‘ಲಿನಕ್ಸಿಗೂ ಬಿಡಿ’ ಅಂದಾಗ ಮುಖ ಸಿಂಡರಿಸುವುದು ಇದಕ್ಕೇ. ಪ್ರೋಗ್ರಾಂ ಬರೆಯುವುದಕ್ಕಿಂತ ಅದನ್ನು ಪ್ರತಿ ಡಿಸ್ಟ್ರೊದಲ್ಲೂ (ಉಬುಂಟುವಿನಂಥ ಒಂದೊಂದು ಲಿನಕ್ಸ್ ಜೋಡಣೆಯಲ್ಲೂ) ಓಡಿಸಿ ನೋಡುವುದೇ ಹೆಚ್ಚು ಕೆಲಸ.

ಜೊತೆಗೆ ಇನ್ನೊಂದು ಮಾತು: ಡಿಸ್ಟ್ರೊಗೆ ‘ವಿತರಣೆ’ ಬೇಡ. ಅದು ಹಂಚುವ ಕ್ರಿಯೆಯ ಹೆಸರು, ಹಂಚಿದ ವಸ್ತುವಿನದಲ್ಲ. ‘ಸಂಕಲನ’ ಅರ್ಥಕ್ಕೆ ಹತ್ತಿರ, ಆದರೆ ಕಂಪೈಲ್ ಮಾಡುವುದಕ್ಕೆ ‘ಸಂಕಲಿಸು’ ಎಂದು ಬಳಸುವವರಿದ್ದಾರೆ. ಡಿಸ್ಟ್ರೊ ಎಂದೇ ಇರಲಿ.

ಉತ್ತರ 3

‘ಏಗು’ ಚೆಂದವಿದೆ, ಆದರೆ ಒಂದು ತಕರಾರು. ‘ಇವರ ಜೊತೆ ಏಗೋಕಾಗಲ್ಲ’ ಅಂದಾಗ ತಪ್ಪು ‘ಇವರ’ದೆಂಬ ಸೂಚನೆ ಬಂದುಬಿಡುತ್ತದೆ. ಕರ್ನಲ್‌ನವರು, ಗ್ನೋಮ್‌ನವರು ಕಂಪನಿಗೆ ಯಾವ ಮಾತೂ ಕೊಟ್ಟವರಲ್ಲ. ‘ಜೊತೆ’ ಬದಲು ‘ಒಡನೆ’ ಬಳಸಿದರೆ ಆ ದೂರು ಕಡಿಮೆಯಾಗುತ್ತದೆ. ಬಡತನದೊಡನೆ ಏಗುವವರು ಬಡತನವನ್ನು ಬೈಯುತ್ತಾ ಕೂತಿರುವುದಿಲ್ಲ.

ಎಲ್ಲ ಕಡೆ ಏಗಿಸಲೂ ಬೇಡಿ. ಕ್ರೋಮ್‌ಬುಕ್ ಲ್ಯಾಪ್‌ಟಾಪ್ (2011), ಕೈಯಲ್ಲಿ ಹಿಡಿದು ಗೇಮ್ ಆಡುವ ಸ್ಟೀಮ್ ಡೆಕ್ (2022) ಒಳಗಿರುವುದೂ ಲಿನಕ್ಸೇ. ಅಲ್ಲಿ ಯಾವ ಯಂತ್ರ, ಯಾವ ಚಿಪ್, ಯಾವ ಅಪ್‌ಡೇಟ್ ಎಂದು ತೀರ್ಮಾನಿಸುವುದು ಒಂದೇ ಕಡೆ. ಸ್ಟೀಮ್ ಡೆಕ್‌ನಲ್ಲಿ ಸಿಸ್ಟಂನ ಎರಡು ಪ್ರತಿ ಇರುತ್ತವೆ. ಒಂದು ಓಡುತ್ತಿರುವಾಗ ಅಪ್‌ಡೇಟ್ ಇನ್ನೊಂದಕ್ಕೆ ಹೋಗುತ್ತದೆ, ಕೆಟ್ಟರೆ ಹಳೆಯದಕ್ಕೆ ಮರಳಬಹುದು. ಕೊಂಡವರು ಅದನ್ನು ಲಿನಕ್ಸ್ ಎಂದು ಕರೆಯುವುದೂ ಕಡಿಮೆ. ಆದ್ದರಿಂದ ‘ಡೆಸ್ಕ್‌ಟಾಪ್ ಲಿನಕ್ಸ್’ ಎಂದರೆ ‘ಯಾರದೋ ಯಂತ್ರಕ್ಕೆ ಬಳಕೆದಾರರೇ ಹಾಕಿಕೊಳ್ಳುವ ಲಿನಕ್ಸ್’ ಎಂದು ಮೊದಲ ಪ್ಯಾರಾದಲ್ಲೇ ಹೇಳಿಬಿಡಿ.

ಪ್ರಶ್ನೆ ಕೇಳಿದವರಿಂದ

ಉಪಕಾರವಾಯಿತು. ವಾಕ್ಯ ಹೀಗೆ ಬದಲಾಗಿದೆ: ‘ತನ್ನದಲ್ಲದ ಕರ್ನಲ್, ತನ್ನದಲ್ಲದ ಡ್ರೈವರು, ತನ್ನದಲ್ಲದ ಯಂತ್ರಗಳೊಡನೆ ಏಗುತ್ತಲೇ ಕಂಪನಿ ಡೆಸ್ಕ್‌ಟಾಪ್ ಲಿನಕ್ಸನ್ನು ನೆಲೆಗೊಳಿಸಬೇಕಿದೆ.’ ‘ಗೆಲ್ಲಿಸು’ ಇದ್ದಲ್ಲಿ ‘ನೆಲೆಗೊಳಿಸು’ ತಂದೆವು.

ಒಂದು ಉಳಿದಿದೆ. ಗ್ರಾಹಕರಿಗೆಂದು ಸಾಂಪ್ರದಾಯಿಕ ಡೆಸ್ಕ್‌ಟಾಪ್ ಉತ್ಪನ್ನ ತರುವ ಯೋಜನೆ ಇಲ್ಲವೆಂದು ಲಿನಕ್ಸ್ ಕಂಪನಿ ರೆಡ್ ಹ್ಯಾಟ್ 2008ರ ಏಪ್ರಿಲ್‌ನಲ್ಲಿ ಹೇಳಿತು. ಅಲ್ಲಿ ‘ಕೈಚೆಲ್ಲಿತು’ ಎಂದು ಬರೆದಿದ್ದೆವು. ಆದರೆ ಕೈಚೆಲ್ಲುವುದು ಸೋತು ಸುಸ್ತಾದಾಗ. ಅವರದು ಸರ್ವರ್ ಬೆಂಬಲದಿಂದ ಬರುವ ಹಣದ ಮುಂದೆ ಇದು ಗಿಟ್ಟದು ಎಂಬ ಲೆಕ್ಕಾಚಾರ. ‘ಕೈಬಿಟ್ಟಿತು’ ಎಂದು ತಿದ್ದಿದ್ದೇವೆ. ಆಕ್ಷೇಪವಿದ್ದರೆ ತಿಳಿಸಿ.